ಫಿಟ್ಸ್ ಮಾತ್ರೆ ಮತ್ತು ಮರೆವು: ಮಾತ್ರೆ ಬಿಡುವ ಮೊದಲು ಒಂದು ನೋಟ್‌ಬುಕ್ ತೆಗೆಯಿರಿ

"ಅಕ್ಕಾ, ಅದು ಕೊಡು, ಕಾಯಿ ತುರಿಯುವುದು ಇದೆಯಲ್ಲಾ, ಅದು." ಹೆರೆಮಣೆ ಎನ್ನುವ ಪದವೇ ತಮ್ಮನ ಬಾಯಿಗೆ ಬರಲಿಲ್ಲ. ಫಿಟ್ಸ್‌ಗೆ ಟೋಪಿರಾಮೇಟ್ ಎನ್ನುವ ಮಾತ್ರೆ ಶುರುವಾಗಿ ಕೆಲವು ವಾರ ಆಗಿತ್ತು. ಉಡುಪಿಯ ನಮ್ಮ ಮನೆಗೆ ಬಂದವರೆಲ್ಲ ಮಾತ್ರೆ ನಿಲ್ಲಿಸಿ ಎಂದರು. ದಯವಿಟ್ಟು ಆ ಮಾತು ಕೇಳಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯ ಆಗಬಹುದು.

ಮೊದಲು ನೋಟ್‌ಬುಕ್. ಏನು ಮರೆತುಹೋಯಿತು, ಎಷ್ಟು ಹೊತ್ತಿಗೆ, ಮಾತ್ರೆ ಯಾವಾಗ ತಗೊಂಡದ್ದು, ಹಿಂದಿನ ರಾತ್ರಿ ನಿದ್ದೆ ಎಷ್ಟು, ಇಷ್ಟು ಬರೆದರೆ ಸಾಕು.

ಆಮೇಲೆ ಅದು ಯಾವ ಬಗೆಯ ಮರೆವು ಎಂದು ನೋಡಿ. ಪದ ನಾಲಿಗೆ ತುದಿಗೆ ಬಂದು ನಿಂತುಬಿಡುವುದು ಟೋಪಿರಾಮೇಟ್‌ನಲ್ಲಿ ಕಾಣುವ ತೊಂದರೆ, ಡೋಸ್ ಏರಿದಂತೆ ಇದೂ ಜಾಸ್ತಿ ಆಗಬಹುದು. ಫಿಟ್ಸ್‌ಗೆ 1912ರಿಂದ ಬಳಕೆಯಲ್ಲಿರುವ ಇನ್ನೊಂದು ಮಾತ್ರೆ ಫಿನೋಬಾರ್ಬಿಟಾಲ್‌ನಲ್ಲಿ ಮಂಪರು ಬರುತ್ತದೆ, ಯೋಚನೆ ನಿಧಾನ ಆಗುತ್ತದೆ. ಮತ್ತೊಂದು ಮಾತ್ರೆ ಲ್ಯಾಮೊಟ್ರಿಜಿನ್‌ನಲ್ಲಿ ಇಂಥದ್ದು ಕಡಿಮೆ. ಆದರೆ ಫಿಟ್ಸ್ ಬಂದ ಹೊತ್ತಿನ ಆಚೀಚೆಯದು ನೆನಪಿಲ್ಲ ಎಂದರೆ ಅದು ಹೆಚ್ಚಾಗಿ ಫಿಟ್ಸ್‌ನಿಂದಲೇ. ಹೊಸ ವಿಷಯ ತಲೆಯಲ್ಲಿ ನಿಲ್ಲುವುದೇ ಇಲ್ಲ ಎಂದಾದರೂ ಕಾಯಿಲೆಯೇ ಕಾರಣ ಇರಬಹುದು. ಹೊಸ ನೆನಪನ್ನು ಕೂಡಿಡುವ ಹಿಪ್ಪೊಕ್ಯಾಂಪಸ್ ಇರುವುದು ಮೆದುಳಿನ ಟೆಂಪೊರಲ್ ಭಾಗದಲ್ಲಿ, ಫಿಟ್ಸ್ ಅಲ್ಲಿಂದಲೇ ಹೊರಟರೆ ನೆನಪಿಗೂ ಪೆಟ್ಟು ಬೀಳುತ್ತದೆ. ಅಂಥವರು ಮಾತ್ರೆ ಬಿಟ್ಟರೆ ಮರೆವು ಇನ್ನೂ ಹೆಚ್ಚಬಹುದು, ಅಲ್ವಾ?

ನಿದ್ದೆ ಕೆಡಿಸಬೇಡಿ. ನಮ್ಮ ಕಡೆ ಯಕ್ಷಗಾನ ಇರಲಿ, ಕೋಲ ಇರಲಿ, ಬೆಳಗಿನವರೆಗೂ ನಡೆಯುತ್ತದೆ. ನಿದ್ದೆಗೆಟ್ಟರೆ ಫಿಟ್ಸೂ ಬರಬಹುದು, ಮರುದಿನ ಮಂಕೂ ಕವಿಯುತ್ತದೆ. ಯಕ್ಷಗಾನದ ಆಟ ಎಂದರೆ ಪ್ರಾಣ ಬಿಡುವ ತಮ್ಮ ಈಗ ಬೇಗ ಮುಗಿಯುವ ಕಾಲಮಿತಿಯ ಆಟಕ್ಕೆ ಮಾತ್ರ ಹೋಗುತ್ತಾನೆ. ನನಗೂ ಬೇಜಾರೇ, ಆದರೆ ಬೇರೆ ದಾರಿ ಇಲ್ಲ.

"ಮಾತ್ರೆ ತಗೊಂಡೆನಾ, ಇಲ್ವಾ?" ಎನ್ನುವ ಗೊಂದಲಕ್ಕೆ ಏಳು ದಿನದ ಮಾತ್ರೆ ಡಬ್ಬಿ ಸಿಗುತ್ತದೆ, ಜೊತೆಗೆ ಮೊಬೈಲ್ ಅಲಾರಾಂ ಇಡಿ. ಒಂದು ಹೊತ್ತು ತಪ್ಪಿತು ಎಂದು ಎರಡನ್ನು ಒಟ್ಟಿಗೆ ನುಂಗಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆ ಮನೆಯವರೊಬ್ಬರೂ ಇರಲಿ. ತಾನು ಏನೇನು ಮರೆತೆ ಎನ್ನುವುದು ಮರೆತವರಿಗೇ ಗೊತ್ತಿರುವುದಿಲ್ಲ. ಡೋಸ್ ಇಳಿಸಬಹುದಾ, ಮಾತ್ರೆ ಬದಲಿಸಬಹುದಾ, ರಕ್ತದಲ್ಲಿ ಮದ್ದಿನ ಮಟ್ಟ ನೋಡಬೇಕಾ ಎಂದು ನೇರವಾಗಿ ಕೇಳಿ. ಮನಸ್ಸಿಗೆ ಬೇಸರ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಖಿನ್ನತೆಯಿಂದಲೂ ಮರೆವು ಬರುತ್ತದೆ.

ಮಾತ್ರೆ ಬದಲಿಸಲು ವಾರಗಟ್ಟಲೆ ಬೇಕು. ತಮ್ಮನಿಗೆ ಬದಲಿಸುವಾಗ ಅಷ್ಟೂ ದಿನ ನೋಟ್‌ಬುಕ್ ಬರೆದೆವು. ನಡುವೆ ಫಿಟ್ಸ್ ಬಂದೀತು ಎಂದು ಅವನು ಬೈಕ್ ಮುಟ್ಟಲಿಲ್ಲ, ಬಾವಿಕಟ್ಟೆಗೆ ಒಬ್ಬನೇ ಹೋಗಲಿಲ್ಲ, ಮಲ್ಪೆಯಲ್ಲಿ ನೀರಿಗೂ ಇಳಿಯಲಿಲ್ಲ.