ಮೆಲ್ಲನೆ, ಸದ್ದಿಲ್ಲದೆ: ಷು ಜಿಮೋ ಕವಿತೆ ಕನ್ನಡಕ್ಕೆ ಬಂದ ಬಗೆ

ಚೀನೀ ಕವಿ ಷು ಜಿಮೋನ ಕೇಂಬ್ರಿಜ್ ಕವಿತೆಯನ್ನು ನಾನು ಮೊದಲು ಕನ್ನಡಕ್ಕೆ ತಂದದ್ದು ಇಂಗ್ಲಿಷಿನಿಂದ. ಏಳು ಚರಣ, ಚರಣಕ್ಕೆ ನಾಲ್ಕು ಸಾಲು. ಒಂದೇ ಸಂಜೆಯಲ್ಲಿ ಮುಗಿಸಿದ್ದೆ. ಆಗಷ್ಟೇ ಆನ್‌ಲೈನಿನಲ್ಲಿ ಚೀನೀ ಕಲಿಯಲು ಸೇರಿದ್ದೆ. ಕಲಿಸುತ್ತಿದ್ದವರು ಬೆಂಗಳೂರಿನ ಕನ್ನಡದವರೇ. ಪಾಠ ಮುಗಿದ ಮೇಲೆ ಅವರಿಗೆ ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲನೇ ಚರಣದ ಪದಾನೇ ಕೊನೆಗೂ ಹಾಕಿದ್ದೀರಲ್ಲ. ಅವನು ಹಾಗೆ ಬರೆದಿಲ್ಲ, ಮೂಲ ತೆಗೆದು ನೋಡಿ” ಅಂದರು.

ನೋಡಿದೆ. ಮೊದಲ ಚರಣದಲ್ಲಿ ಮೂರು ಸಲ ಬರುವುದು ‘ಚಿಂಗ್‌ಚಿಂಗ್ ದ’. ಹಗುರ ಎನ್ನುವ ಪದದ ಜೋಡಿ ಅದು; ಗರಿ ಇಳಿದಂತೆ, ಯಾರಿಗೂ ತಾಗದಂತೆ. ಕೊನೆಯ ಚರಣದಲ್ಲಿ ಅದೇ ಜಾಗದಲ್ಲಿ ‘ಚಿಯಾವ್‌ಚಿಯಾವ್ ದ’ ಇದೆ. ಇದು ಸದ್ದಿಗೆ ಸಂಬಂಧಿಸಿದ್ದು, ಮಾತೇ ಹೊರಡದ ಸ್ಥಿತಿ. ನಾನು ನೆಚ್ಚಿಕೊಂಡಿದ್ದ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿತ್ತು. ನಾನೂ ಎರಡು ಕಡೆ ‘ಮೆಲ್ಲನೆ’ ಎಂದು ಬರೆದು ಮುಗಿಸಿದ್ದೆ.

ಇಡೀ ಅನುವಾದವನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಕೂತೆ. ಒಂದೊಂದೇ ಅಕ್ಷರ, ನಿಘಂಟು, ಚೀನೀಯರು ಓದಿದ ಧ್ವನಿಮುದ್ರಣ. ಆ ಪದ ಎಲ್ಲಿ ಬದಲಾಯಿತು, ಏಕೆ ಬದಲಾಯಿತು ಎಂದು ಹುಡುಕುತ್ತ ಹೋದದ್ದೇ ಅವನ ಬದುಕನ್ನೂ ಓದಿಸಿತು.

1897ರಲ್ಲಿ ಜೆಜಿಯಾಂಗ್ ಪ್ರಾಂತದ ಹೈನಿಂಗ್‌ನಲ್ಲಿ, ಅನುಕೂಲಸ್ಥ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದವನು. ಅಮೆರಿಕದಲ್ಲಿ ಓದುತ್ತಿದ್ದವನು ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ ಬಳಿ ಕಲಿಯಬೇಕೆಂದು 1920ರಲ್ಲಿ ಇಂಗ್ಲೆಂಡಿಗೆ ಬಂದ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ರಸೆಲ್‌ನನ್ನು ಮೊದಲ ಮಹಾಯುದ್ಧದ ಕಾಲದಲ್ಲೇ ಹೊರಹಾಕಿತ್ತು, ಇವನು ಬರುವ ಹೊತ್ತಿಗೆ ರಸೆಲ್ ಚೀನಾದ ದಾರಿ ಹಿಡಿದಿದ್ದ. ಕೊನೆಗೆ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ, ಅಲ್ಲಿಯ ವಿದ್ವಾಂಸ ಲೋಸ್ ಡಿಕಿನ್ಸನ್ ನೆರವಿನಿಂದ, ವಿಶೇಷ ವಿದ್ಯಾರ್ಥಿಯಾಗಿ ಜಾಗ ಸಿಕ್ಕಿತು. ಅಲ್ಲಿಯ ಕ್ಯಾಮ್ ನದಿಯ ದಂಡೆಯ ಮೇಲೆ ಅವನು ಕವಿಯಾದ. 1922ರಲ್ಲಿ ಹೊರಡುವಾಗ ಒಂದು ವಿದಾಯದ ಪದ್ಯ ಬರೆದಿದ್ದ. ನನ್ನ ಕೈಯಲ್ಲಿದ್ದದ್ದು ಎರಡನೆಯ ವಿದಾಯ: 1928ರಲ್ಲಿ ಮತ್ತೆ ಅಲ್ಲಿಗೆ ಹೋಗಿ ಬರುವಾಗಿನದು. ಶೀರ್ಷಿಕೆಯ ಮೊದಲ ಅಕ್ಷರವೇ ‘ಮತ್ತೆ’.

ಆ ಪ್ರಯಾಣದಲ್ಲಿ ಅವನು ಶಾಂತಿನಿಕೇತನದಲ್ಲೂ ತಂಗಿದ್ದ. 1924ರಲ್ಲಿ ಟಾಗೋರರು ಚೀನಾಕ್ಕೆ ಹೋದಾಗ ಅವರ ಮಾತನ್ನು ಚೀನೀಗೆ ಹೇಳುತ್ತಿದ್ದವನು ಇವನೇ. ಅವರು ಇವನಿಗೆ ‘ಸುಸೀಮ’ ಎಂದು ಹೆಸರಿಟ್ಟಿದ್ದರು. ಗೆಳೆಯರ ಜೊತೆ ಕಟ್ಟಿದ ಸಾಹಿತ್ಯ ಬಳಗಕ್ಕೂ ಟಾಗೋರರ ಕೃತಿಯ ನೆನಪಿನಲ್ಲಿ ‘ಬಾಲಚಂದ್ರ’ ಎಂಬರ್ಥದ ಹೆಸರು. ಶಾಂತಿನಿಕೇತನದಿಂದ ಮನೆಗೆ ಮರಳುವ ಹಡಗಿನಲ್ಲಿ, ಚೀನಾ ಸಮುದ್ರದ ಮೇಲೆ, ನವೆಂಬರ್ 6ರಂದು ಈ ಕವಿತೆ ಬರೆದ. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಕ್ಯಾಮ್ ನದಿಯ ಪದ್ಯ ಬಂಗಾಳದ ಮಣ್ಣು ಮೆಟ್ಟಿದ ಮೇಲೆ ಹುಟ್ಟಿದೆ!

ಶೀರ್ಷಿಕೆಯಲ್ಲೇ ಎಡವಿದ್ದೆ. ‘ಬೀಳ್ಕೊಡುಗೆ’ ಎಂದಿದ್ದೆ. ಬೀಳ್ಕೊಡುವವರು ಉಳಿಯುವವರು, ಹೊರಡುವವನು ಬೀಳ್ಕೊಳ್ಳುತ್ತಾನೆ. ದಿನಬಳಕೆಯಲ್ಲಿ ಆ ಭೇದ ಮಾಸಿಹೋಗಿದೆ, ಇಲ್ಲಿ ಮಾತ್ರ ಅದು ಬೇಕೇ ಬೇಕು. ‘ಮತ್ತೆ ಬೀಳ್ಕೊಳ್ಳುವೆ, ಕೇಂಬ್ರಿಜ್’ ಎಂದು ತಿದ್ದಿದೆ. ಮೊದಲ ಸಾಲಿಗೆ ‘ಹೋದೆ’ ಎನ್ನಲು ಕೈ ಬರಲಿಲ್ಲ. ನಮ್ಮ ಮನೆಗಳಲ್ಲಿ ಹೊಸಿಲು ದಾಟುವವರು ‘ಬರ್ತೇನೆ’ ಅನ್ನುವುದು ರೂಢಿ. ಆದರೆ ಇವನು ಬರುತ್ತೇನೆಂದು ಹೇಳುತ್ತಿಲ್ಲ. ‘ಹೊರಟೆ’ ಎಂಬುದಕ್ಕೆ ಬಂದು ನಿಂತೆ:

ಮೆಲ್ಲನೆ ಹೊರಟೆ ನಾನು,
ಬಂದಂತೆಯೇ ಮೆಲ್ಲನೆ;
ಕೈಬೀಸುವೆ ಮೆಲ್ಲನೆ
ಪಡುಬಾನ ಮುಗಿಲಿಗೆ.

ಮೂಲದಲ್ಲಿ ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಪ್ರಾಸ. ಪ್ರಾಸ ಚರಣ ಚರಣಕ್ಕೂ ಬದಲಾಗಿ, ಕೊನೆಯ ಚರಣದಲ್ಲಿ ಮೊದಲಿನದ್ದೇ ಮರಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ತುದಿಗೆ ಬೀಳುವುದರಿಂದ ಅಂತ್ಯಪ್ರಾಸ ಸುಲಭ, ಸುಲಭವಾದ್ದರಿಂದಲೇ ಸಪ್ಪೆ. ನಮ್ಮ ಹಳೆಯ ಆದಿಪ್ರಾಸವನ್ನೂ ಪ್ರಯತ್ನಿಸಿದೆ. ಎರಡನೇ ಅಕ್ಷರಕ್ಕೆ ಹೊಂದಿಸಲು ಹೋಗಿ ಪದಗಳು ಭಾರವಾದವು. ಗೋವಿಂದ ಪೈ 1911ರಲ್ಲಿ ಪ್ರಾಸ ಬಿಟ್ಟದ್ದು ಎಂಥ ಬಿಡುಗಡೆ ಎಂದು ಮೊದಲ ಸಲ ಮೈಗೆ ತಾಗಿತು. ಷು ಜಿಮೋನ ಪೀಳಿಗೆಯೂ ಅಂಥದೇ ಒಂದು ಕಟ್ಟು ಬಿಚ್ಚಿಕೊಂಡಿತ್ತು, ಗ್ರಂಥಭಾಷೆ ಬಿಟ್ಟು ಆಡುಮಾತಿಗೆ ಬಂದಿತ್ತು. ಹಾಗಾಗಿ ಪ್ರಾಸ ತಾನಾಗಿ ಬಂದ ಕಡೆ ಇಟ್ಟುಕೊಂಡೆ, ಬಾರದ ಕಡೆ ಎಳೆಯಲಿಲ್ಲ.

ಹೆಚ್ಚು ದಿನ ತಿಂದದ್ದು ಮೂರನೆಯ ಚರಣ. ಮೆದು ಕೆಸರಿನಲ್ಲಿ ಬೇರೂರಿ ನೀರಡಿಯಲ್ಲಿ ತೊನೆಯುವ ಒಂದು ಹಸಿರು ಗಿಡ. ಆ ನದಿಯ ಅಲೆಯಲ್ಲಿ ತಾನೂ ಅಂಥ ಒಂದು ಎಸಳಾಗಿರುವೆ ಎನ್ನುತ್ತಾನೆ ಕವಿ. ನಾನು ‘ಪಾಚಿ’ ಎಂದಿದ್ದೆ. ಪಾಚಿ ಎಂದರೆ ನಮಗೆ ಜಾರುವುದು, ಉಜ್ಜಿ ತೆಗೆಯಬೇಕಾದ್ದು. ಯಾರು ಪಾಚಿಯಾಗಲು ಬಯಸುತ್ತಾರೆ? ಮುಂದಿನ ಚರಣದಲ್ಲಿ ನಿಜವಾದ ಪಾಚಿಯೂ ಬರುತ್ತದೆ, ತೇಲುವ ಪಾಚಿಯ ನಡುವೆ ಕಾಮನಬಿಲ್ಲು ನುಚ್ಚುನೂರಾಗಿ ಬಿದ್ದಿದೆ. ಅಂತರಗಂಗೆ ಆಗದು, ಅದು ತೇಲುವ ಗಿಡ. ‘ನೀರಹುಲ್ಲು’ ಎಂದೆ, ಅದರ ಹೊಳಪಿಗೆ ‘ಎಣ್ಣೆಮಿಂಚು’ ಎಂದೆ. ಮೂಲದಲ್ಲೂ ಅಲ್ಲಿ ಇರುವುದು ಎಣ್ಣೆಯ ಅಕ್ಷರವೇ.

ಐದನೆಯ ಚರಣದ ದೋಣಿಗೆ ನಿಘಂಟು ನೋಡಿ ‘ಹುಟ್ಟು’ ಎಂದು ಬರೆದದ್ದು ಇನ್ನೊಂದು ತಪ್ಪು. ಕ್ಯಾಮ್ ನದಿಯ ಚಪ್ಪಟೆ ದೋಣಿಗೆ ಹುಟ್ಟು ಹಾಕುವುದಿಲ್ಲ. ಹಿಂಬದಿಯಲ್ಲಿ ನಿಂತು ಉದ್ದನೆಯ ಕೋಲನ್ನು ತಳಕ್ಕೆ ಊರಿ ತಳ್ಳುತ್ತಾರೆ. ನಮ್ಮ ಹೊಳೆಯ ಕಡವಿನಲ್ಲಿ ಅಜ್ಜ ಮಾಡುತ್ತಿದ್ದದ್ದೂ ಅದನ್ನೇ, ಅವರ ಕೈಯಲ್ಲಿದ್ದದ್ದು ಜಲ್ಲೆ. ಪದ ಸಿಕ್ಕ ಕೂಡಲೇ ಸಾಲು ತಾನೇ ನಡೆಯಿತು: ಜಲ್ಲೆ ಊರಿ, ಹರಿವಿಗೆದುರಾಗಿ, ಹುಲ್ಲು ಇನ್ನೂ ಹಸಿರಾಗಿರುವ ಕಡೆಗೆ. ದೋಣಿಯ ತುಂಬ ನಕ್ಷತ್ರದ ಬೆಳಕು. ಕವಿ ಗಂಟಲು ಬಿಟ್ಟು ಹಾಡುವುದರಲ್ಲಿದ್ದಾನೆ.

ಆರನೆಯ ಚರಣದ ಮೊದಲ ಪದ ‘ಆದರೆ’. ಆದರೆ ನಾನು ಹಾಡಲಾರೆ, ಎನ್ನುತ್ತಾನೆ. ಬೇಸಿಗೆಯ ಹುಳುಗಳೂ ಇವನಿಗಾಗಿ ಸುಮ್ಮನಾಗುತ್ತವೆ. ಪದ ಬದಲಾದದ್ದು ಇಲ್ಲಿ! ಬರುವಾಗ ಹಗುರವಾಗಿದ್ದವನು ಹಾಡನ್ನು ನುಂಗಿಕೊಂಡು ಹೊರಡುತ್ತಿದ್ದಾನೆ. ಹಾಗಾಗಿ ಕೊನೆಯಲ್ಲಿ ‘ಮೆಲ್ಲನೆ’ ಸಲ್ಲದು.

ಸದ್ದಿಲ್ಲದೆ ಹೊರಟೆ ನಾನು,
ಬಂದಂತೆಯೇ ಸದ್ದಿಲ್ಲದೆ;
ತೋಳನೊಮ್ಮೆ ಬೀಸುವೆ,
ಒಂದು ಚೂರು ಮುಗಿಲನೂ ಒಯ್ಯದೆ.

ಅವನು ಬೀಸುವುದು ಅಂಗಿಯ ತೋಳು, ಚೀನೀ ನಿಲುವಂಗಿಯ ಉದ್ದ ತೋಳು. ಕನ್ನಡದಲ್ಲಿ ಕೈಗೂ ಅಂಗಿಗೂ ಅದೇ ಪದ ಇರುವುದು ನನಗೆ ದೊಡ್ಡ ಉಪಕಾರವಾಯಿತು.

ಮೂರು ವರ್ಷದ ನಂತರ, 1931ರ ನವೆಂಬರ್ 19ರಂದು, ನಾನ್‌ಜಿಂಗ್‌ನಿಂದ ಬೀಪಿಂಗ್‌ಗೆ (ಇಂದಿನ ಬೀಜಿಂಗ್) ಹೊರಟಿದ್ದ ಅಂಚೆ ವಿಮಾನ ಜಿನಾನ್ ಬಳಿ ಮಂಜಿನಲ್ಲಿ ಬೆಟ್ಟಕ್ಕೆ ಬಡಿಯಿತು. ಅದರಲ್ಲಿ ಅವನಿದ್ದ. ಅವನಿಗೆ ಆಗ 34 ವರ್ಷ. ಕಿಂಗ್ಸ್ ಕಾಲೇಜಿನ ಸೇತುವೆಯ ಬಳಿ 2008ರಲ್ಲಿ ಒಂದು ಬಿಳಿ ಅಮೃತಶಿಲೆ ನಿಲ್ಲಿಸಿದ್ದಾರೆ. ಕವಿತೆಯ ಮೊದಲ ಎರಡು, ಕೊನೆಯ ಎರಡು ಸಾಲುಗಳು ಅದರ ಮೇಲಿವೆ. ಕಲ್ಲಿನ ಚಿತ್ರ ನೋಡುವಾಗಲೆಲ್ಲ, ನಡುವೆ ಬಿಟ್ಟುಹೋದ ಆ ‘ಆದರೆ’ ನನ್ನ ಕಣ್ಣಿಗೆ ಕಾಣುತ್ತದೆ.

ಒಂದು ಸಾಲು ಇನ್ನೂ ದಕ್ಕಿಲ್ಲ. ಕೇಂಬ್ರಿಜ್‌ಗೆ ಅವನು ಬಳಸುವ ಹೆಸರು ‘ಕಾಂಗ್‌ಚಿಯಾವ್’: ಅರ್ಧ ಧ್ವನಿ, ಅರ್ಧ ಅರ್ಥ, ‘ಚಿಯಾವ್’ ಎಂದರೆ ಸೇತುವೆ. ದನಿಯ ಏರಿಳಿತ ಬದಲಿಸಿದರೆ ಅದೇ ‘ಚಿಯಾವ್’ ಸದ್ದಿಲ್ಲದ್ದು. ‘ಮೌನವೇ ಈ ಇರುಳಿನ ಕೇಂಬ್ರಿಜ್’ ಎಂದು ಮುಗಿಯುವ ಆರನೆಯ ಚರಣದಲ್ಲಿ ಎರಡೂ ಚಿಯಾವ್ ಒಂದಕ್ಕೊಂದು ಎದುರಾಗಿ ನಿಂತಿವೆ. ಚೀನೀ ಕಲಿಸುವ ಮೇಡಂಗೆ ಈ ಸಾಲಿನ ನಾಲ್ಕು ಕನ್ನಡ ಕಳಿಸಿದ್ದೆ. ನಾಲ್ಕನ್ನೂ ಗುರುತು ಹಾಕಿ ವಾಪಸ್ ಕಳಿಸಿದ್ದಾರೆ, ಐದನೆಯದು ಮೇಜಿನ ಮೇಲಿದೆ.