ಕ್ಯಾರವಾನ್‌ನಲ್ಲಿ ಬೆಂಗಳೂರು: ಗಾಡಿ ಊರಾಚೆ, ನಾವು ಮೆಟ್ರೋದಲ್ಲಿ

ಕ್ಯಾರವಾನ್ ಬಾಡಿಗೆಗೆ ಹಿಡಿದು ಬೆಂಗಳೂರು ನೋಡೋಕೆ ಹೊರಟಿದ್ದೇವೆ ಅಂದಾಗ ದಾವಣಗೆರೆಯ ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ, "ಅಷ್ಟು ದೊಡ್ಡ ಗಾಡಿ ಅಲ್ಲಿ ಎಲ್ಲಿ ನಿಲ್ಲಿಸ್ತೀರಿ?" ಪ್ರಶ್ನೆ ಸರಿಯಾಗೇ ಇದೆ. ನನ್ನ ಉತ್ತರ: ಬೆಂಗಳೂರಿನ ಒಳಗೆ ನಿಲ್ಲಿಸೋದೇ ಬೇಡ. ತುಮಕೂರು ರಸ್ತೆಯಲ್ಲಿ ಊರಿನ ಅಂಚಿಗೇ ಗಾಡಿ ಬಿಟ್ಟು, ಒಳಗೆಲ್ಲ ಮೆಟ್ರೋದಲ್ಲಿ ಓಡಾಡಿ, ಸಂಜೆ ಊಟಕ್ಕೆ, ನಿದ್ದೆಗೆ ಗಾಡಿಗೆ ವಾಪಸ್. ಅತ್ತೆ, ಮಾವ, ಇಬ್ಬರು ಮಕ್ಕಳು, ನಾವಿಬ್ಬರು, ಜೊತೆಗೆ ಡ್ರೈವರ್ ಅಣ್ಣ. ಎಲ್ಲರೂ ಜಗಳವಿಲ್ಲದೆ ಹೋಗಿ ಬಂದೆವು. ಅದೇ ದೊಡ್ಡದು ಅಲ್ವಾ?

ಲಾಡ್ಜ್‌ಗಿಂತ ಅಗ್ಗ ಆಗುತ್ತೆ ಅಂತ ಕ್ಯಾರವಾನ್ ಹಿಡಿಯಬೇಡಿ. ಅಗ್ಗ ಆಗಲ್ಲ. ಟ್ಯಾಕ್ಸಿಗಳ ಹಾಗೇ ಇದಕ್ಕೂ ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ಲೆಕ್ಕ ಇರುತ್ತದೆ, ಗಾಡಿ ಇಡೀ ದಿನ ನಿಂತಿದ್ದರೂ ಆ ದುಡ್ಡು ಕೊಡಬೇಕು, ಮೇಲೆ ಡ್ರೈವರ್ ಬಾಟಾ, ಟೋಲ್. ಹಾಗಾಗಿ ಬುಕ್ ಮಾಡುವಾಗಲೇ "ನಡುವಿನ ದಿನಗಳಲ್ಲಿ ಗಾಡಿ ಅಲ್ಲಾಡಲ್ಲ, ನಿಂತ ದಿನಕ್ಕೆ ಬೇರೆ ರೇಟ್ ಹೇಳಿ" ಅಂತ ಕೇಳಿ. ನಮ್ಮೆಜಮಾನ್ರಿಗೆ ಚೌಕಾಸಿ ಬರಲ್ಲ, ನಾನೇ ಫೋನ್ ತಗೊಂಡು ಮಾತಾಡಿದೆ. ಸ್ವಲ್ಪ ಇಳಿಸಿದರು.

ಹಾಗಾದರೆ ಯಾಕೆ ಬೇಕಿತ್ತು ಅಂದರೆ, ಅತ್ತೆಗೆ ಮಂಡಿನೋವು, ರಾತ್ರಿ ಎರಡು ಮೂರು ಸಲ ಏಳಬೇಕು, ಗೊತ್ತಿಲ್ಲದ ಲಾಡ್ಜ್‌ನ ಜಾರುವ ಬಚ್ಚಲಿಗೆ ಕಳಿಸೋಕೆ ನನಗೆ ಧೈರ್ಯ ಇಲ್ಲ. ಮಾವನಿಗೆ ಶುಗರ್, ಊಟ ಹೊತ್ತಿಗೆ ಸರಿಯಾಗಿ ಆಗಬೇಕು. ಚಿಕ್ಕವಳು ಹೋಟೆಲ್ ಅನ್ನ ಮುಟ್ಟಲ್ಲ. ಇಂಥ ಮನೆಗೆ ಕ್ಯಾರವಾನ್ ಸರಿ. ಬರೀ ಗಂಡ ಹೆಂಡತಿ ಹೋಗೋದಾದರೆ ಸುಮ್ನೆ ರೈಲಿಗೆ ಹೋಗಿ.

ನಾವು ಹಿಡಿದದ್ದು ಟೆಂಪೋ ಟ್ರಾವೆಲರ್ ಅನ್ನೇ ಮಾರ್ಪಡಿಸಿದ ಗಾಡಿ. ನಾಲ್ಕು ಜನ ಮಲಗಬಹುದು, ಒಂದು ಸಣ್ಣ ಸಿಂಕು, ಇಂಡಕ್ಷನ್ ಒಲೆ, ಫ್ರಿಜ್, ಹಿಂದೆ ಕಮೋಡ್ ಇರುವ ಬಚ್ಚಲು. ಮೇಲೆ ಎಸಿ ಕೂತಿರೋದರಿಂದ ಎತ್ತರ ಜಾಸ್ತಿ. ಬೆಂಗಳೂರಿನ ಅಂಡರ್‌ಪಾಸ್, ತಗ್ಗಿದ ಮರದ ಕೊಂಬೆ, ಅಡ್ಡಡ್ಡ ತೂಗಾಡುವ ಕೇಬಲ್ ಇವೆಲ್ಲ ಇಂಥ ಗಾಡಿಗೆ ಶತ್ರುಗಳು. ಗಾಡಿಯ ಎತ್ತರವನ್ನ ಡ್ರೈವರ್ ಮುಂದೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ.

ಇನ್ನು ರಾತ್ರಿ ಗಾಡಿ ನಿಲ್ಲಿಸುವ ಜಾಗ. ಇಡೀ ಪ್ರವಾಸ ನಿಂತಿರೋದೇ ಇದರ ಮೇಲೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಾವು ಹೋದದ್ದು ಡಿಸೆಂಬರ್ ಕೊನೆಗೆ, ಮಕ್ಕಳ ಶಾಲೆಗೆ ಕ್ರಿಸ್‌ಮಸ್ ರಜೆ ಇದ್ದಾಗ. ಆಗ ಧನುರ್ಮಾಸ. ಧನುರ್ಮಾಸದಲ್ಲಿ ಮದುವೆ ಇರಲ್ಲ. ಮದುವೆ ಇಲ್ಲ ಅಂದರೆ ಕಲ್ಯಾಣ ಮಂಟಪಗಳು ಖಾಲಿ! ಒಂದು ಕಲ್ಯಾಣ ಮಂಟಪದಲ್ಲಿ ಏನೇನಿರುತ್ತೆ ಯೋಚನೆ ಮಾಡಿ. ಬಸ್ಸು ತಿರುಗುವಷ್ಟು ಅಂಗಳ, ಕಾಂಪೌಂಡು, ಗೇಟು, ವಾಚ್‌ಮನ್, ಬೋರ್‌ವೆಲ್ ನೀರು, ಸಾಲಾಗಿ ಬಚ್ಚಲು, ಪಾತ್ರೆ ತೊಳೆಯೋಕೆ ಹಿತ್ತಲಲ್ಲಿ ಕಟ್ಟೆ, ಮೋರಿ, ಅಡಿಗೆಯವರು ಗ್ರೈಂಡರ್ ಹಾಕುವ 15 ಆಂಪ್ ಪ್ಲಗ್. ಕ್ಯಾರವಾನ್‌ಗೆ ಬೇಕಾದ್ದೆಲ್ಲ ಅದೇ. ನಮ್ಮೆಜಮಾನ್ರ ದೊಡ್ಡಪ್ಪನ ಮಗ ನೆಲಮಂಗಲದ ಕಡೆ ಕೆಲಸ ಮಾಡುತ್ತಾರೆ. ಅವರ ಮೂಲಕ ಮಾದಾವರದ ಹತ್ತಿರ ಒಂದು ಮಂಟಪ ಸಿಕ್ಕಿತು. ಅಂಗಳದ ಜೊತೆ ವರನ ಕಡೆಯವರಿಗೆ ಕೊಡುವ ಒಂದು ರೂಮು ಕೂಡ ಕೇಳಿಕೊಂಡೆವು. ಅಲ್ಲಿ ಡ್ರೈವರ್ ಅಣ್ಣ, ನಮ್ಮೆಜಮಾನ್ರು, ದೊಡ್ಡ ಮಗ ಮಲಗಿದರು. ಡ್ರೈವರ್‌ಗೆ ಮಲಗೋಕೆ ಸರಿಯಾದ ಜಾಗ ಇಲ್ಲದಿದ್ದರೆ ಮಾರನೇ ದಿನ ಸ್ಟೀರಿಂಗ್ ಹಿಡಿಯುವವರು ಅವರೇ ಅನ್ನೋದು ನೆನಪಿರಲಿ.

ಮ್ಯಾನೇಜರ್ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕಾದ್ದು ಕರೆಂಟ್ ಬಿಲ್ಲು. ಬಂದ ಕೂಡಲೇ ಮೀಟರ್ ರೀಡಿಂಗ್ ಫೋಟೋ ತೆಗೆದುಕೊಂಡೆವು, ಹೊರಡುವಾಗ ಇನ್ನೊಂದು. ನಿಮ್ಮದೇ ದಪ್ಪ ವೈರಿನ ಎಕ್ಸ್‌ಟೆನ್ಷನ್ ಒಯ್ಯಿರಿ, ಮನೆಯಲ್ಲಿ ಟಿವಿಗೆ ಹಾಕುವ ತೆಳು ವೈರು ಇಂಡಕ್ಷನ್ ಹಾಕಿದ ಕೂಡಲೇ ಕಾದು ಹೋಗುತ್ತದೆ. ಪ್ಲಗ್‌ನಲ್ಲಿ ಅರ್ಥಿಂಗ್ ಇದೆಯಾ ಅಂತ ಡ್ರೈವರ್ ಅಣ್ಣ ಬಲ್ಬು ಹಚ್ಚಿ ನೋಡಿಯೇ ಗಾಡಿಗೆ ಜೋಡಿಸಿದರು. ಗಾಡಿ ಪೂರ್ತಿ ತಗಡು, ಅದಕ್ಕೆ ಇದರಲ್ಲಿ ಉದಾಸೀನ ಬೇಡ. ಸಿಂಕಿನ ನೀರು ಅಂಗಳಕ್ಕೆ ಬಿಡಲಿಲ್ಲ. ಪೈಪಿನ ಕೆಳಗೆ ಬಕೆಟ್ ಇಟ್ಟು, ತುಂಬಿದಾಗ ಹಿತ್ತಲ ಮೋರಿಗೆ ಸುರಿದೆವು. ಗಾಡಿಯ ಕಮೋಡ್ ರಾತ್ರಿ ಅತ್ತೆ, ಮಾವ, ಚಿಕ್ಕವಳಿಗೆ ಮಾತ್ರ. ಉಳಿದವರಿಗೆ ಮಂಟಪದ್ದು. ಹೀಗೆ ಮಾಡಿದ್ದರಿಂದ ಟ್ಯಾಂಕ್ ಖಾಲಿ ಮಾಡುವ ಕೆಲಸವೇ ಬರಲಿಲ್ಲ, ಗಾಡಿ ವಾಪಸ್ ಕೊಟ್ಟಾಗ ಅವರೇ ಮಾಡಿಕೊಂಡರು.

ದಾವಣಗೆರೆಯಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 260 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಒಂದೇ ಓಟಕ್ಕೆ ಮುಟ್ಟಬಹುದು. ಆದರೂ ಮೊದಲ ರಾತ್ರಿ ಬೇಕಂತಲೇ ಚಿತ್ರದುರ್ಗದಲ್ಲಿ ನಾದಿನಿ ಮನೆ ಮುಂದೆ ನಿಲ್ಲಿಸಿದೆವು. ಅರವತ್ತು ಕಿಲೋಮೀಟರ್ ಅಷ್ಟೇ. ನೀರಿನ ಪಂಪ್ ಎಷ್ಟು ಸದ್ದು ಮಾಡುತ್ತೆ, ಟ್ಯಾಂಕ್ ಎಷ್ಟು ಹೊತ್ತು ಬರುತ್ತೆ, ಬ್ಯಾಟರಿಯಲ್ಲಿ ಫ್ಯಾನು ಬೆಳಗಿನ ತನಕ ತಿರುಗುತ್ತಾ, ಯಾರ ಗೊರಕೆ ಯಾರಿಗೆ ತಡೆಯಲ್ಲ, ಇದೆಲ್ಲ ಗೊತ್ತವರ ಮನೆ ಮುಂದೆಯೇ ಗೊತ್ತಾಗಲಿ ಅಂತ. ಸಂಜೆ ಕೋಟೆಗೂ ಹೋದೆವು. ಏಳು ಸುತ್ತಿನ ಕೋಟೆ ಎಷ್ಟು ಸಲ ನೋಡಿದ್ದರೂ ಓಬವ್ವನ ಕಿಂಡಿಯಲ್ಲಿ ತೂರಿ ಬರೋದು ಮಕ್ಕಳಿಗೆ ಬೇಜಾರಾಗಲ್ಲ. ಅತ್ತೆ ಮೆಟ್ಟಿಲು ಹತ್ತಲ್ಲ. ಕೆಳಗೆ ಗಾಡಿಯಲ್ಲೇ ಕಾಲು ಚಾಚಿ ಮಲಗಿ, ಮಗಳ ಜೊತೆ ಹರಟೆ ಹೊಡೆದು, ನಾವು ಇಳಿಯುವ ಹೊತ್ತಿಗೆ ಟೀ ಇಳಿಸಿದ್ದರು. "ಹಿಂಗಾದ್ರೆ ನಾನೆಲ್ಲಿಗಾದ್ರೂ ಬರ್ತೀನಮ್ಮ" ಅಂದರು.

ಮಾದಾವರ ಯಾಕೆ ಅಂದರೆ ಹಸಿರು ಮೆಟ್ರೋ ಈಗ ಅಲ್ಲಿಂದ ಶುರು. ಮೊದಲು ನಾಗಸಂದ್ರದ ತನಕ ಇತ್ತು, 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಬಂತು. ಇದರಿಂದ ಎರಡು ಲಾಭ. ಒಂದು, ಊರ ಕಡೆಯಿಂದ ಬರುವವರೆಲ್ಲ ಸಿಕ್ಕಿಹಾಕಿಕೊಳ್ಳುವ ಗೊರಗುಂಟೆಪಾಳ್ಯದ ಟ್ರಾಫಿಕ್ಕಿಗೆ ನೀವು ಹೋಗೋದೇ ಇಲ್ಲ. ಎರಡನೇದು ಇನ್ನೂ ಮುಖ್ಯ. ಮೊದಲನೇ ಸ್ಟೇಷನ್ ಆದ್ದರಿಂದ ರೈಲು ಖಾಲಿ ಬರುತ್ತದೆ, ವಯಸ್ಸಾದವರಿಗೆ ಸೀಟು ಸಿಗುತ್ತದೆ. ಯಶವಂತಪುರ ಬರುವಷ್ಟರಲ್ಲಿ ನಿಲ್ಲೋಕೂ ಜಾಗ ಇರಲ್ಲ, ಅಷ್ಟೊತ್ತಿಗೆ ಅತ್ತೆ ಕಿಟಕಿ ಪಕ್ಕ ಆರಾಮಾಗಿ ಕೂತಿರುತ್ತಾರೆ. ವಾಪಸ್ ಬರುವಾಗ ಈ ಸೌಕರ್ಯ ಇಲ್ಲ. ಅದಕ್ಕೇ ಆಫೀಸು ಬಿಡುವ ಮೊದಲೇ, ಸಂಜೆ ನಾಲ್ಕು ನಾಲ್ಕೂವರೆಗೆ ರೈಲು ಹತ್ತಿಬಿಡುತ್ತಿದ್ದೆವು. ಸಿಟಿ ನೋಡೋಕೆ ಬೆಳಿಗ್ಗೆ ಬೇಗ ಹೊರಡಿ, ಬೇಗ ಬನ್ನಿ. ದೊಡ್ಡವರಿಗೆಲ್ಲ ಮೆಟ್ರೋ ಸ್ಮಾರ್ಟ್ ಕಾರ್ಡ್ ಮಾಡಿಸಿದರೆ ಕ್ಯೂ ತಪ್ಪುತ್ತೆ, ಸ್ವಲ್ಪ ರಿಯಾಯಿತಿಯೂ ಇದೆ. ಒಳಗೆ ತಿನ್ನೋಕೆ ಬಿಡಲ್ಲ, ಮಂಡಕ್ಕಿ ಡಬ್ಬಿ ಚೀಲದಲ್ಲೇ ಇರಲಿ. ಮೆಟ್ರೋ ಇಲ್ಲದ ಕಡೆ ಬಿಎಂಟಿಸಿ ಸಾದಾ ಬಸ್ಸು, ಶಕ್ತಿ ಯೋಜನೆಯಲ್ಲಿ ನಾನು ಮತ್ತು ಅತ್ತೆ ಫ್ರೀ. ಆಧಾರ್ ಕಾರ್ಡ್ ಮರೆಯಬೇಡಿ.

ದಿನಕ್ಕೆ ಒಂದೇ ದಿಕ್ಕು ಅಂತ ಇಟ್ಟುಕೊಂಡೆವು. ಮೊದಲು ಲಾಲ್‌ಬಾಗ್, ಯಾಕೆಂದರೆ ಮಾದಾವರದಿಂದ ರೈಲು ಬದಲಿಸದೆ ಲಾಲ್‌ಬಾಗ್ ಸ್ಟೇಷನ್ನಿಗೇ ಇಳಿಯಬಹುದು. ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ, ಈಗ 240 ಎಕರೆ. ವಯಸ್ಸಾದವರಿಗೆ ಬ್ಯಾಟರಿ ಗಾಡಿ ಇದೆ, ಅತ್ತೆ ಮಾವ ಅದರಲ್ಲಿ ಸುತ್ತಿದರು. ಮಕ್ಕಳಿಗೆ ಹೂವಿಗಿಂತ ಆ ದೊಡ್ಡ ಬಂಡೆಯೇ ಇಷ್ಟ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅಂದರೆ ದೊಡ್ಡವನು "ದುರ್ಗದ ಬಂಡೆಗಿಂತನಾ?" ಅಂದ. ನಮ್ಮೆಜಮಾನ್ರು ಮೆಲ್ಲಗೆ ಗೋಪುರದ ಕಡೆ ಕೈ ತೋರಿಸಿ ಮಾತು ಬದಲಿಸಿದರು. ಗಾಜಿನ ಮನೆ ಮುಂದೆ ನಿಂತಾಗ ಮಾತ್ರ ಇಬ್ಬರೂ ಒಂದೇ ರಾಗ, "ಇದಕ್ಕಿಂತ ನಮ್ದೇ ದೊಡ್ಡದು". ಕುಂದವಾಡ ಕೆರೆ ಹತ್ತಿರದ ಗಾಜಿನ ಮನೆ ನೋಡಿ ಬೆಳೆದ ಮಕ್ಕಳು, ಏನು ಹೇಳೋದು. ಇದು 1889ರದ್ದು, ಇದನ್ನ ನೋಡಿ ನಮ್ಮೂರಲ್ಲಿ ಕಟ್ಟಿದ್ದು ಅಂದರೂ ಒಪ್ಪಲಿಲ್ಲ. ಅಲ್ಲಿಂದ ಆಟೋದಲ್ಲಿ ಬಸವನಗುಡಿ, ದೊಡ್ಡ ಬಸವಣ್ಣನಿಗೆ ಕೈಮುಗಿದು ವಾಪಸ್. ತಿಂಡಿ ಬಗ್ಗೆ ಒಂದು ಮಾತು: ಬೆಂಗಳೂರಲ್ಲಿ ಗಲ್ಲಿಗೊಂದು ದಾವಣಗೆರೆ ಬೆಣ್ಣೆ ದೋಸೆ ಬೋರ್ಡು ಇದೆ. ಊರಿಂದ ಬಂದು ಅಲ್ಲಿ ಬೆಣ್ಣೆ ದೋಸೆ ತಿನ್ನಬೇಡಿ, ರವೆ ಇಡ್ಲಿ ತಿನ್ನಿ.

ಮಾರನೇ ದಿನ ವಿಶ್ವೇಶ್ವರಯ್ಯ ಮ್ಯೂಸಿಯಂ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಇಳಿದರೆ ಕಸ್ತೂರಬಾ ರಸ್ತೆಯಲ್ಲಿ ಸ್ವಲ್ಪ ನಡಿಗೆ. ಇಡೀ ಬೆಂಗಳೂರಲ್ಲಿ ಮಕ್ಕಳಿಗೆ, ಮುದುಕರಿಗೆ ಒಟ್ಟಿಗೆ ಹಿಡಿಸುವ ಒಂದೇ ಜಾಗ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಗುಂಡಿ ಒತ್ತಿದರೆ ತಿರುಗೋದು, ಎಳೆದರೆ ಮೇಲೇಳೋದು, ಮಕ್ಕಳಿಗೆ ಅಷ್ಟು ಸಾಕು. ರೈಟ್ ಸಹೋದರರ ವಿಮಾನದ ಅದೇ ಅಳತೆಯ ಮಾದರಿ ಇದೆ. ಆದರೆ ನನಗೆ ನೆನಪಿರೋದು ಮಾವ. ಅವರು ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು, ಮಿಲ್ಲು ಮುಚ್ಚಿ ಎಷ್ಟೋ ವರ್ಷ ಆಯಿತು. ಎಂಜಿನ್ ಹಾಲ್‌ನಲ್ಲಿ ಒಳಗಿನದೆಲ್ಲ ಕಾಣುವ ಹಾಗೆ ಕೊಯ್ದಿಟ್ಟ ಎಂಜಿನ್ ಮುಂದೆ ನಿಂತರು ನೋಡಿ, ಕದಲಲೇ ಇಲ್ಲ. ಮೊಮ್ಮಗನ ಕೈ ಹಿಡಿದು, ಪಿಸ್ಟನ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ, ವಾಲ್ವ್ ಯಾವಾಗ ಬಾಯಿ ಬಿಡುತ್ತೆ, ಎಣ್ಣೆ ಕಮ್ಮಿಯಾದರೆ ಸದ್ದು ಹೇಗೆ ಬದಲಾಗುತ್ತೆ ಅಂತ ಬಾಯಲ್ಲೇ ಸದ್ದು ಮಾಡಿ ತೋರಿಸಿದರು. ಬೇರೆಯವರ ಮಕ್ಕಳೂ ಬಂದು ಸುತ್ತ ನಿಂತರು. ನಾವು ವಿಧಾನಸೌಧದ ಮುಂದೆ ಫೋಟೋ, ತಾರಾಲಯ ಅಂತೆಲ್ಲ ಅಂದುಕೊಂಡಿದ್ದೆವು. ಫೋಟೋ ಆಯಿತು, ತಾರಾಲಯ ಬಿಟ್ಟೆವು. ನೀವು ಹೋಗೋದಾದರೆ ಅಲ್ಲಿ ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಸೋಮವಾರ ರಜೆ.

ಇಸ್ಕಾನ್ ದೇವಸ್ಥಾನ ಇದೇ ಹಸಿರು ಮಾರ್ಗದಲ್ಲಿ ವಾಪಸ್ ಬರುವಾಗ ಸಿಗುತ್ತದೆ. ವೈಕುಂಠ ಏಕಾದಶಿ ಧನುರ್ಮಾಸದಲ್ಲೇ ಬರೋದು, ಆ ದಿನ ಆ ಕಡೆ ಸುಳಿಯಬೇಡಿ.

ಬನ್ನೇರುಘಟ್ಟವನ್ನ ಕೊನೆಗೆ ಇಟ್ಟುಕೊಂಡೆವು, ಇಲ್ಲಿಗೆ ಮಾತ್ರ ಗಾಡಿ ತಂದೆವು. ಅದು ಬೆಂಗಳೂರಿನ ದಕ್ಷಿಣಕ್ಕೆ, ನಾವು ಇದ್ದದ್ದು ವಾಯವ್ಯಕ್ಕೆ. ಆದರೆ ಮಾದಾವರದ ಹತ್ತಿರವೇ ನೈಸ್ ರಸ್ತೆ ಹತ್ತಿದರೆ ಮಾಗಡಿ ರಸ್ತೆ, ಮೈಸೂರು ರಸ್ತೆ, ಕನಕಪುರ ರಸ್ತೆ ಎಲ್ಲ ದಾಟಿಸಿ ಬನ್ನೇರುಘಟ್ಟ ರಸ್ತೆಗೆ ಬಿಡುತ್ತದೆ. ಟೋಲ್ ಕೈ ಕಚ್ಚುತ್ತೆ, ಕೊಟ್ಟುಬಿಡಿ. ಊರೊಳಗೆ ಈ ಗಾಡಿ ತೂರಿಸಿಕೊಂಡು ಹೋಗುವ ಸಂಕಟಕ್ಕಿಂತ ಅದೇ ವಾಸಿ. ಮಂಗಳವಾರ ಪಾರ್ಕಿಗೆ ರಜೆ. ಸಫಾರಿ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಿ, ರಜೆ ದಿನಗಳಲ್ಲಿ ಜನಜಾತ್ರೆ. ಹುಲಿ, ಸಿಂಹ, ಕರಡಿ ಜೊತೆಗೆ 2024ರಿಂದ ಚಿರತೆ ಸಫಾರಿಯೂ ಇದೆ. ನಮಗೆ ಚಿರತೆ ಕಂಡಿದ್ದು ಬರೀ ಬಾಲ, ಚಿಕ್ಕವಳು ಅದನ್ನೂ ಪೂರ್ತಿ ಚಿರತೆ ಅಂತಲೇ ಎಲ್ಲರಿಗೂ ಹೇಳುತ್ತಿದ್ದಾಳೆ. ಚಿಟ್ಟೆ ಪಾರ್ಕು ಅತ್ತೆಗೆ ಹಿಡಿಸಿತು, ಅಲ್ಲಿ ನಡೆಯೋದು ಕಮ್ಮಿ.

ಗಾಡಿ ಪಾರ್ಕಿಂಗ್‌ನಲ್ಲೇ ಇದ್ದದ್ದರಿಂದ ಮಧ್ಯಾಹ್ನ ಎಲ್ಲರೂ ಅಲ್ಲಿಗೇ ಬಂದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಬೆಳಿಗ್ಗೆಯೇ ಕಲಸಿಟ್ಟ ಚಿತ್ರಾನ್ನ. ಬಾಗಿಲು ಮಾತ್ರ ಹಾಕಿಕೊಂಡೇ ಊಟ ಮಾಡಬೇಕು, ಕೋತಿಗಳು ಬಾಳೆಹಣ್ಣಿನ ವಾಸನೆಗೆ ಮೆಟ್ಟಿಲ ತನಕ ಬಂದವು. ಊಟ ಆದ ಮೇಲೆ ಮಾವ, ಚಿಕ್ಕವಳು ಒಂದು ಗಂಟೆ ನಿದ್ದೆ ತೆಗೆದರು, ಹೊರಗೆ ಬೇರೆ ಮಕ್ಕಳು ಬಿಸಿಲಲ್ಲಿ ಹಟ ಮಾಡುತ್ತಿದ್ದವು. ಕ್ಯಾರವಾನ್‌ಗೆ ಕೊಟ್ಟ ದುಡ್ಡು ಆ ಒಂದು ಗಂಟೆಯಲ್ಲೇ ವಸೂಲಾಯಿತು ಅನ್ನಿಸಿತು ನನಗೆ. ಅಲ್ಲಿಂದ ಮತ್ತೆ ನೈಸ್ ರಸ್ತೆ ಹಿಡಿದು ನೇರ ತುಮಕೂರು ರಸ್ತೆ, ಶಿರಾದಲ್ಲಿ ಟೀ, ರಾತ್ರಿಗೆ ದಾವಣಗೆರೆ.

ವಂಡರ್‌ಲಾ ಯಾಕೆ ಹೋಗಲಿಲ್ಲ ಅಂತ ಮಕ್ಕಳ ದೂರು ಇನ್ನೂ ಇದೆ. ಅದು ಬಿಡದಿ ಹತ್ತಿರ, ಹೋದರೆ ಇಡೀ ದಿನ ಬೇಕು, ವಯಸ್ಸಾದವರು ಮಾಡೋಕೆ ಏನೂ ಇಲ್ಲ, ಬರೀ ಚೀಲ ಕಾಯಬೇಕು. ಅದನ್ನ ಮಕ್ಕಳ ಚಿಕ್ಕಪ್ಪನ ತಲೆಗೆ ಕಟ್ಟಿದ್ದೇವೆ. ಅವರಿನ್ನೂ ಹೂಂ ಅಂದಿಲ್ಲ.