ತುಮಕೂರಿನ ಮನೆಯ ಕ್ಯಾಮೆರಾ, ಸೈರನ್ ಬಿಡಿಸಿದ್ದು

ತುಮಕೂರಿನ ನಮ್ಮ ಮನೆ ಮಾರಾಟವಾಯಿತು. ಅಪ್ಪ, ಅಮ್ಮ ಬೆಂಗಳೂರಿಗೆ ನನ್ನ ಜೊತೆ ಬರುವುದು ಅಂತ ಆಯಿತು. ಮನೆ ಕೊಂಡವರು ಕೇಳಿದ್ದು ಒಂದೇ: "ಕ್ಯಾಮೆರಾ, ಡಿವಿಆರ್ ಹಾಗೇ ಬಿಟ್ಟು ಹೋಗ್ತೀರಾ? ಅಲಾರಂ ಬೇಡ, ತೆಗೆದುಬಿಡಿ." ಡಿವಿಆರ್ ಅಂದರೆ ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಡಬ್ಬಿ. ಸರಿ ಅಂದೆ. ಅರ್ಧ ಕೆಲಸ ಉಳಿಯಿತು ಅಂತ ಖುಷಿಯೂ ಆಯಿತು. ಗೋಡೆಯಲ್ಲೇ ಉಳಿಯುವ ಕ್ಯಾಮೆರಾವನ್ನು ನಮ್ಮಿಂದ ಬಿಡಿಸುವುದೇ ದೊಡ್ಡ ಕೆಲಸ ಅಂತ ಆಗ ಗೊತ್ತಿರಲಿಲ್ಲ.

ಮೊದಲು ಅಲಾರಂಗೆ ಕೈ ಹಾಕಿದೆ. 2018ರಲ್ಲಿ ಹಾಕಿಸಿದ್ದ ವೈರ್ಡ್ ಪ್ಯಾನೆಲ್ ಅದು. ಮುಂದಿನ, ಹಿಂದಿನ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್, ಹಾಲ್ ಮೂಲೆಯಲ್ಲಿ ಓಡಾಟ ಗುರುತಿಸುವ ಒಂದು ಪಿಐಆರ್ ಸೆನ್ಸರ್, ಹೊರಗೋಡೆಯ ಮೇಲೆ ಸೈರನ್ ಡಬ್ಬಿ. ಕೋಡ್ ಒತ್ತಿ ಡಿಸ್‌ಆರ್ಮ್ ಮಾಡಿದೆ. ಮೇನ್ಸ್ ಸ್ವಿಚ್ ಆರಿಸಿದೆ. ಇನ್ನೇನು, ಸ್ಕ್ರೂಡ್ರೈವರ್ ಹಿಡಿದು ಪ್ಯಾನೆಲ್ ಮುಚ್ಚಳ ಎತ್ತಿದೆ ಅಷ್ಟೇ, ಸೈರನ್ ಶುರುವಾಯಿತು.

ಡಿಸ್‌ಆರ್ಮ್ ಮಾಡಿದರೆ ಬಾಗಿಲು, ಓಡಾಟ ನೋಡುವುದು ಮಾತ್ರ ನಿಲ್ಲುತ್ತದೆ. ಮುಚ್ಚಳದ ಕೆಳಗೆ ಒಂದು ಪುಟ್ಟ ಸ್ಪ್ರಿಂಗ್ ಸ್ವಿಚ್ ಇರುತ್ತದೆ, ಟ್ಯಾಂಪರ್ ಅಂತಾರೆ. ಅದು 24 ಗಂಟೆಯೂ ಎಚ್ಚರ. ಕರೆಂಟ್ ಆರಿಸಿದ್ದರಿಂದಲೂ ಏನೂ ಆಗಿರಲಿಲ್ಲ, ಒಳಗೆ 12 ವೋಲ್ಟ್ ಬ್ಯಾಟರಿ ಆರಾಮಾಗಿ ಕೂತಿತ್ತು. ಗಾಬರಿಯಲ್ಲಿ ಆ ಬ್ಯಾಟರಿಯ ಕೆಂಪು ತಂತಿ ಎಳೆದೆ. ಪ್ಯಾನೆಲ್ ಸತ್ತಿತು. ಸೈರನ್ ಸಾಯಲಿಲ್ಲ! ಹೊರಗಿನ ಡಬ್ಬಿಗೂ ಅದರದ್ದೇ ಒಂದು ಚಿಕ್ಕ ಬ್ಯಾಟರಿ. ಪ್ಯಾನೆಲ್‌ನಿಂದ ಬರುವ ವೋಲ್ಟೇಜ್ ನಿಂತರೆ ಕಳ್ಳ ತಂತಿ ಕತ್ತರಿಸಿದ ಅಂತ ತಿಳಿದು ತಾನಾಗಿಯೇ ಕೂಗುವುದು ಅದರ ಕೆಲಸ. ಮಧ್ಯಾಹ್ನ ಎರಡೂವರೆ. ಏಣಿ ಹುಡುಕಿ ಹತ್ತುವಷ್ಟರಲ್ಲಿ ಎದುರುಮನೆಯವರು, ಪಕ್ಕದ ಮನೆಯವರು, ಎಳನೀರಿನವನು ಎಲ್ಲರೂ ಗೇಟಿನ ಹತ್ತಿರ. ಅಮ್ಮ ಒಬ್ಬೊಬ್ಬರಿಗೂ "ಏನಿಲ್ಲ, ನನ್ನ ಮಗ ರಿಪೇರಿ ಮಾಡ್ತಿದಾನೆ" ಅಂತ ಹೇಳುತ್ತಿದ್ದರು.

ಸರಿಯಾದ ಕ್ರಮ ಆಮೇಲೆ ತಿಳಿಯಿತು. ಕೀಪ್ಯಾಡ್‌ನಲ್ಲಿ ಇನ್‌ಸ್ಟಾಲರ್ ಕೋಡ್ ಹಾಕಿ ಸರ್ವಿಸ್ ಮೋಡ್‌ಗೆ ಹೋಗಬೇಕು. ಆಗ ಟ್ಯಾಂಪರ್ ಸುಮ್ನಿರುತ್ತದೆ. ಆಮೇಲೆ ಸೈರನ್ ಡಬ್ಬಿಯ ಒಳಬ್ಯಾಟರಿ ಬಿಚ್ಚಬೇಕು, ನಂತರ ಮೇನ್ಸ್, ನಂತರ ಪ್ಯಾನೆಲ್ ಬ್ಯಾಟರಿ, ಕೊನೆಗೆ ಸೆನ್ಸರ್‌ಗಳು. ಸೆನ್ಸರ್ ತಂತಿಯನ್ನು ಮೊದಲು ಕತ್ತರಿಸಿದರೂ ಇದೇ ರಾದ್ಧಾಂತ. ತಂತಿಯ ತುದಿಯಲ್ಲಿ ಒಂದು ರೆಸಿಸ್ಟರ್ ಇರುತ್ತದೆ, ನಮ್ಮದರಲ್ಲಿ 2.2 ಕಿಲೋ ಓಮ್. ಪ್ಯಾನೆಲ್ ಸದಾ ಅದನ್ನೇ ಅಳೆಯುತ್ತಿರುತ್ತದೆ. ಕತ್ತರಿಸಿದರೂ ಗೊತ್ತಾಗುತ್ತದೆ, ಎರಡು ತಂತಿ ಸೇರಿಸಿ ತಿರುಚಿದರೂ ಗೊತ್ತಾಗುತ್ತದೆ. ಚೆನ್ನಾಗಿ ಮಾಡಿದ್ದಾರೆ ಅಂತ ಏಣಿಯ ಮೇಲೆ ಕೂತೇ ಒಪ್ಪಿಕೊಂಡೆ.

ಆಮೇಲೆ ಡಿವಿಆರ್. ನಾಲ್ಕು ಅನಲಾಗ್ ಎಚ್‌ಡಿ ಕ್ಯಾಮೆರಾ ಇದ್ದವು. ಹಿಂದಿನ ಶೆಡ್ಡಿನದನ್ನು ಮಾತ್ರ ನಾನು ತರುವುದು, ಮೂರು ಅವರಿಗೆ. ಶೆಡ್ಡಿನ ಜಂಕ್ಷನ್ ಬಾಕ್ಸ್ ತೆರೆದರೆ ಹಲ್ಲಿಯ ಎರಡು ಮೊಟ್ಟೆ, ಒಂದು ಹಿಡಿ ಇರುವೆ ಮಣ್ಣು. ವಿಡಿಯೋ ತಂತಿಯ ಬಿಎನ್‌ಸಿ ಕನೆಕ್ಟರನ್ನು ಒಳಕ್ಕೆ ಒತ್ತಿ ಕಾಲು ಸುತ್ತು ತಿರುಗಿಸಿದರೆ ಬಂತು. ಪವರ್ ತಂತಿಯ ಕೆಂಪು, ಕಪ್ಪು ತುದಿಗಳಿಗೆ ಬೇರೆ ಬೇರೆ ಟೇಪ್ ಸುತ್ತಿದೆ. ಉಳಿದ ಮೂರು ಕ್ಯಾಮೆರಾಗಳೂ ಕರೆಂಟ್ ಕೊಡುವ ಅದೇ ಎಸ್‌ಎಂಪಿಎಸ್‌ನಿಂದ ನಡೆಯುತ್ತಿದ್ದವು, ಅಲ್ಲಿ ಶಾರ್ಟ್ ಆದರೆ ಎಲ್ಲವೂ ಕಪ್ಪು.

ಇಲ್ಲಿಯವರೆಗೆ ಸ್ಕ್ರೂಡ್ರೈವರ್ ಕೆಲಸ. ಮುಂದಿನದು ಬೇರೆ. ನನ್ನ ಮೊಬೈಲಿನ ಆಪ್‌ನಲ್ಲಿ ಡಿವಿಆರ್ ಡಿಲೀಟ್ ಮಾಡಿ, ಕೊಂಡವರ ಫೋನಿನಿಂದ ಕ್ಯೂಆರ್ ಸ್ಕ್ಯಾನ್ ಮಾಡಿಸಿದೆ. "ಈ ಸಾಧನ ಈಗಾಗಲೇ ಬೇರೆ ಖಾತೆಗೆ ಸೇರಿದೆ" ಎಂಬ ಅರ್ಥದ ಮೆಸೇಜು ಬಂತು. ನಾನು ಡಿಲೀಟ್ ಮಾಡಿದ್ದೇನಲ್ಲ? ತಲೆ ಕೆರೆದುಕೊಂಡು ನೋಡಿದರೆ, ನನ್ನ ಹತ್ತಿರ ಇದ್ದದ್ದು ಬರೀ ಶೇರ್, ಅಂದರೆ ನೋಡುವ ಅನುಮತಿ. ಮಾಲೀಕನ ಖಾತೆ, ಅವತ್ತು ಕ್ಯಾಮೆರಾ ಹಾಕಲು ಬಂದಿದ್ದ ಹುಡುಗನ ಮೊಬೈಲ್ ನಂಬರಿನದು. ಬೇಗ ಮುಗಿಯಲಿ ಅಂತ ತನ್ನ ಫೋನಲ್ಲೇ ರಿಜಿಸ್ಟರ್ ಮಾಡಿ ನಮಗೆಲ್ಲ ಶೇರ್ ಕೊಟ್ಟು ಹೋಗಿದ್ದ. ಅಷ್ಟು ವರ್ಷವೂ ನಮ್ಮ ಗೇಟು, ವರಾಂಡ, ಅಮ್ಮ ರಂಗೋಲಿ ಹಾಕುವುದು, ಎಲ್ಲವನ್ನೂ ಅವನು ಬೇಕೆಂದರೆ ನೋಡಬಹುದಿತ್ತು. ಪಾಪ, ನೋಡಿರಲಿಕ್ಕಿಲ್ಲ. ಆದರೂ ಮೈ ಜುಮ್ಮೆಂದಿತು.

ಹಳೇ ಬಿಲ್ ಹುಡುಕಿ ಫೋನ್ ಮಾಡಿದೆ. ಅವನು ಆ ಕೆಲಸವನ್ನೇ ಬಿಟ್ಟಿದ್ದ, ಆಪ್ ಮಾತ್ರ ಬಿಟ್ಟಿರಲಿಲ್ಲ. "ಯಾವ ಮನೆ ಸಾರ್? ಲಿಸ್ಟ್ ಉದ್ದ ಇದೆ" ಅಂದ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ಹೇಳಿದೆ. ಎರಡು ನಿಮಿಷದಲ್ಲಿ ತೆಗೆದ. ಅವನು ನಂಬರ್ ಬದಲಾಯಿಸಿದ್ದಿದ್ದರೆ ಕಂಪನಿಗೆ ಬಿಲ್ಲು, ಡಿವಿಆರ್ ಲೇಬಲ್ಲಿನ ಫೋಟೋ ಎಲ್ಲ ಕಳಿಸಿ ಕಾಯಬೇಕಿತ್ತು. ನಿಮ್ಮ ಮನೆಯಲ್ಲೂ ಕ್ಯಾಮೆರಾ ಇದ್ದರೆ, ಮಾಲೀಕನ ಖಾತೆ ಯಾರ ನಂಬರಿನಲ್ಲಿದೆ ಅಂತ ಇವತ್ತೇ ಒಮ್ಮೆ ನೋಡಿ.

ಖಾತೆ ಬಿಟ್ಟರೂ ಹಿಂಬಾಗಿಲುಗಳು ಉಳಿಯುತ್ತವೆ. ಬೆಂಗಳೂರಿನಿಂದ ನೇರ ನೋಡಲು ನಾನೇ ಹಿಂದೊಮ್ಮೆ ರೂಟರ್‌ನಲ್ಲಿ 554 ಪೋರ್ಟ್, ಅಂದರೆ ಹೊರಗಿನಿಂದ ವಿಡಿಯೋ ತಲುಪುವ ದಾರಿ, ತೆರೆದಿಟ್ಟಿದ್ದೆ. ನಾಚಿಕೆಯ ವಿಷಯ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಹರಡಿದ್ದೇ ಹೀಗೆ ಇಂಟರ್ನೆಟ್ಟಿಗೆ ತೆರೆದುಕೊಂಡ, ಕಂಪನಿಯ ಪಾಸ್‌ವರ್ಡನ್ನೇ ಇಟ್ಟುಕೊಂಡ ಕ್ಯಾಮೆರಾ, ಡಿವಿಆರ್‌ಗಳ ಮೂಲಕ. ಪೋರ್ಟ್ ಮುಚ್ಚಿದೆ, ಕೇಳದೆಯೇ ಪೋರ್ಟ್ ತೆರೆದುಕೊಡುವ ಯುಪಿಎನ್‌ಪಿ ಆರಿಸಿದೆ. ಡಿವಿಆರ್ ಅನ್ನು ಮೆನುವಿನಿಂದಲೇ ಫ್ಯಾಕ್ಟರಿ ರಿಸೆಟ್ ಮಾಡಿದೆ. ಹೊಸ ಪಾಸ್‌ವರ್ಡ್ ಅವರೇ ಹಾಕಿದರು, ನಾನು ಆ ಕಡೆ ತಿರುಗಿ ನಿಂತೆ.

ಹಾರ್ಡ್‌ಡಿಸ್ಕ್ ಮಾತ್ರ ಕೊಡಲಿಲ್ಲ. ರಿಸೆಟ್ ಮಾಡಿದರೆ ಸೆಟ್ಟಿಂಗ್ ಹೋಗುತ್ತದೆ, ರೆಕಾರ್ಡಿಂಗ್ ಹೋಗುವುದಿಲ್ಲ. ಮೆನುವಿನಿಂದ ಶಟ್‌ಡೌನ್ ಮಾಡಿ, ತಳದ ನಾಲ್ಕು ಸ್ಕ್ರೂ ಬಿಚ್ಚಿ 1 ಟಿಬಿ ಡಿಸ್ಕ್ ತೆಗೆದುಕೊಂಡೆ. ಅವರಿಗೆ ಹೊಸದೊಂದು ತಂದು ಕೂರಿಸಿದೆ. ದುಡ್ಡು ನನ್ನದೇ.

ಲಾಕ್‌ಡೌನ್‌ನಲ್ಲಿ ನಾನೇ ಅಂಟಿಸಿದ್ದ, ತಂತಿಯಿಲ್ಲದ ಜಿಗ್‌ಬಿ ಸೆನ್ಸರ್‌ಗಳದ್ದು ಚಿಕ್ಕ ಕಥೆ. ಆಪ್‌ನಿಂದ ಅವುಗಳನ್ನು ತೆಗೆಯುವ ಮೊದಲೇ ಅವುಗಳನ್ನು ಜೋಡಿಸುವ ಹಬ್ ಡಬ್ಬಿ ಕಿತ್ತು ಯಾರಿಗೋ ಕೊಟ್ಟುಬಿಟ್ಟೆ. ಬೆಂಗಳೂರಿನ ಹೊಸ ಹಬ್‌ಗೆ ಒಂದೂ ಸೇರಲಿಲ್ಲ, ಹಳೇ ಯಜಮಾನನನ್ನೇ ಹುಡುಕುತ್ತಿದ್ದವು. ಪಿನ್ ಚುಚ್ಚಿ, ದೀಪ ಮಿನುಗುವವರೆಗೆ ಒತ್ತಿ ಹಿಡಿದು ಒಂದೊಂದನ್ನೇ ರಿಸೆಟ್ ಮಾಡಿದೆ. ಅದಕ್ಕೇ ಒಂದು ಸಂಜೆ ಹೋಯಿತು.

ಗೇಟಿನ ಕ್ಯಾಮೆರಾಕ್ಕೆ ಸೇರಿದ ಈ ಡಿವಿಆರ್ ಕೆಲಸವನ್ನೆಲ್ಲ ಕೊನೆಯ ದಿನಕ್ಕೇ ಇಟ್ಟುಕೊಂಡಿದ್ದೆ. ಲಾರಿಗೆ ಸಾಮಾನು ಏರುವುದನ್ನು ಫೋನಿನಲ್ಲಿ ನೋಡಬೇಕು ಅಂತ ಅಪ್ಪನ ಹಟ. ಅದರಲ್ಲಿ ತೆಂಗಿನಮರವೂ ಕಾಣುತ್ತದೆ, ಕಾಯಿ ಬಿದ್ದರೆ ಅಪ್ಪ ಯಾವ ಊರಲ್ಲಿದ್ದರೂ ಫೋನ್ ಮಾಡಿ ಹೇಳುತ್ತಿದ್ದರು. ಲಾರಿ ಹೊರಟ ಮೇಲೆ ಕೊಂಡವರು ಮತ್ತೆ ಸ್ಕ್ಯಾನ್ ಮಾಡಿದರು, ಈ ಸಲ ಸೇರಿತು. ಅಪ್ಪ ತಮ್ಮ ಫೋನ್ ತೆಗೆದು ನೋಡಿದರು. ಖಾಲಿ ಪರದೆ.

"ಇನ್ನು ನಮಗೆ ಕಾಣಲ್ವಾ?"

"ಇಲ್ಲಪ್ಪ."

"ಹಾಗಾದ್ರೆ ಈ ಆಪೂ ತೆಗಿ, ಜಾಗ ತಿನ್ನುತ್ತೆ" ಅಂತ ಫೋನ್ ನನ್ನ ಕೈಗಿಟ್ಟು ಕಾರು ಹತ್ತಿದರು.